ಸತ್ತ ಹೆಪ್ಪು

ನಮ್ಮ ದೊಡ್ಡಮ್ಮ ಮುನಿಲಕ್ಷ್ಮಮ್ಮ ಯಾರನ್ನೂ ಸುಲಭಕ್ಕೆ ಕ್ಷಮಿಸುವ ಹೆಂಗಸಲ್ಲ. ಆ ಗುಣ ನನಗೂ ಬಂದಿದೆ, ಅದಕ್ಕೆ ನಾಚಿಕೆಯೇನಿಲ್ಲ. ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಅವಳ ಅತ್ತೆಮನೆ. ಕೊಟ್ಟಿಗೆ ತುಂಬ ಎಮ್ಮೆ, ಮೊಸರಿನ ವ್ಯಾಪಾರ. ಯುದ್ಧದ ಕಾಲ, ದಂಡಿನಲ್ಲಿ ಸೋಲ್ಜರುಗಳು ಕಿಕ್ಕಿರಿದಿದ್ದರು, ಹಾಲು ಮೊಸರಿಗೆ ಎಲ್ಲಿಲ್ಲದ ಗಿರಾಕಿ. ಅಂಥ ದಿನಗಳಲ್ಲೇ ಅವಳ ಗಂಡ ಪಿಳ್ಳಪ್ಪ ವಿಷಮಶೀತ ಜ್ವರ ಬಂದು ತೀರಿಕೊಂಡ.

ತಿಥಿ ಮುಗಿಯುತ್ತಲೇ ಹಿರಿಯ ವಾರಗಿತ್ತಿ ಚಿಕ್ಕಮುನಿಯಮ್ಮನ ನಾಲಿಗೆ ಉದ್ದವಾಯಿತು. ಗಿರಾಕಿಗಳ ಮನೆಮನೆಗೂ ಹೋಗಿ, “ಮುಂಡೆ ಕೈ ಬಿದ್ರೆ ಹೆಪ್ಪೇ ಕೆಡ್ತದೆ ಕಣ್ರಮ್ಮ, ಅವಳ ಹತ್ರ ತಗೋಬೇಡಿ” ಎಂದು ಹೇಳಿ ಬಂದಳು. ದೊಡ್ಡಮ್ಮ ಬೇರೆ ಮನೆ ಮಾಡಿ, ಪಾಲಿಗೆ ಬಂದ ಒಂದೇ ಎಮ್ಮೆಯ ಹಾಲಿಗೆ ಅತ್ತೆಯ ಕಾಲದ ಹೆಪ್ಪನ್ನೇ ಹಾಕಿ, ಗಡಿಗೆ ಹೊತ್ತು ಹೊರಟರೆ ಒಬ್ಬರೂ ಕೊಳ್ಳಲಿಲ್ಲ. ಮೂಲೆಮನೆ ಅಂಜಿನಮ್ಮನಂತೂ ಮುಖದ ಮೇಲೆ ಬಾಗಿಲು ಹಾಕಿದಳು. ಕತ್ತರಿಸಿದರೆ ಹೋಳಾಗುವಂಥ ಮೊಸರು ಮೋರಿಗೆ ಹೋಯಿತು.

ಹೊಟ್ಟೆಪಾಡಿಗೆ ದೊಡ್ಡಮ್ಮ ಮಿಲಿಟರಿ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದಳು. ಅಲ್ಲಿ ಅಸ್ಗರ್ ಸಾಬರು ಎಂಬ ಕಾಂಪೌಂಡರ್ ಇದ್ದರು, ಶಿವಾಜಿನಗರದ ಕಡೆಯವರು, ಮಾತಿನ ಮಲ್ಲ. ಒಂದು ಮಧ್ಯಾಹ್ನ ಅವಳ ಬುತ್ತಿಯ ಮೊಸರಿನಿಂದಲೇ ಒಂದು ಹನಿ ತೆಗೆದು ನೀರು ಬೆರೆಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ಕರೆದರು. ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಸಣ್ಣ ಸಣ್ಣ ಕಡ್ಡಿಗಳು, ನಡುನಡುವೆ ಪೋಣಿಸಿದ ಮಣಿಯಂಥವು.

“ಎಲ್ಲಾ ಜೀವ ಅಮ್ಮಾ. ಹಾಲಲ್ಲಿರೋ ಸಕ್ಕರೆ ತಿಂತವೆ, ಹುಳಿ ಬಿಡ್ತವೆ. ಆ ಹುಳಿಗೇ ಹಾಲು ಗಟ್ಟಿ ಆಗೋದು. ಒಂದು ಎರಡಾಗ್ತದೆ, ಎರಡು ನಾಕಾಗ್ತದೆ, ಬೆಳಗಾಗೋದ್ರಲ್ಲಿ ಗಡಿಗೆ ತುಂಬಾ ಅವೇ.”

“ಬಿಸಿಗಿಟ್ರೆ?”

“ಖತಂ. ಜಾಸ್ತಿ ಕಾದ್ರೆ ಸತ್ತೋಗ್ತವೆ. ನೋಡಕ್ಕೆ ಮೊಸರೇ, ಒಳಗೆ ಬರೀ ಹೆಣ.”

ದೊಡ್ಡಮ್ಮ ಮತ್ತೊಮ್ಮೆ ಬಗ್ಗಿ ನೋಡಿ ಕೇಳಿದಳು. “ಮುಂಡೆ ಕೈ ಬಿದ್ರೆ ಸಾಯ್ತವಾ ಸಾಬ್ರೇ?”

ಸಾಬರು ನಕ್ಕುಬಿಟ್ಟರು. “ಕೈ ತೊಳ್ಕೊಂಡಿದ್ರೆ ಸಾಕಮ್ಮಾ. ಗಂಡ ಇದ್ದಾನಾ ಇಲ್ವಾ ಅಂತ ಇವು ಕೇಳಲ್ಲ.”

ಬೇರೆಯವರಾಗಿದ್ದರೆ ಆ ಮಾತಿಗೆ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದರು. ದೊಡ್ಡಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ಒಂದು ಸಮಾಧಾನ ಹೇಳಿಕೊಂಡಳು: ಪಾಪ, ಅಕ್ಕ ತಿಳಿಯದೆ ಹೇಳಿರಬೇಕು, ನಂಬಿಯೇ ಹೇಳಿರಬೇಕು.

ಆ ಸಮಾಧಾನವೂ ಬೇಸಿಗೆಯವರೆಗೆ ಮಾತ್ರ. ಚಿಕ್ಕಮುನಿಯಮ್ಮನ ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ ಅವಳ ಗಡಿಗೆಗಳಲ್ಲಿ ಮೊಸರು ಲೋಳೆಲೋಳೆಯಾಗಿ ನೂಲು ಬಿಡತೊಡಗಿತು. ಎಷ್ಟು ಸಲ ಹೆಪ್ಪು ಹಾಕಿದರೂ ಅದೇ ಪಾಡು. ಮೊಸರು ಮಾರುವವರು ಊರವರ ಮನೆಯಲ್ಲಿ ಹೆಪ್ಪು ಕೇಳಿದರೆ ಮಾನ ಉಳಿಯುತ್ತದೆಯೇ? ಆ ಮನೆಯ ಹಳೆಯ ಹೆಪ್ಪು ಇನ್ನೊಂದು ಕಡೆ ಇತ್ತಲ್ಲ. ನಿಶ್ಚಿತಾರ್ಥದ ಹಿಂದಿನ ಸಂಜೆ ಚಿಕ್ಕಮುನಿಯಮ್ಮ ತಲೆಗೆ ಸೆರಗು ಮುಚ್ಚಿಕೊಂಡು ದೊಡ್ಡಮ್ಮನ ಹಿತ್ತಲ ಬಾಗಿಲಿಗೆ ಬಂದು ನಿಂತಳು.

“ಲಕ್ಷ್ಮೀ, ಒಂಚೂರು ಹೆಪ್ಪು ಕೊಡೇ. ಯಾರ್ಗೂ ಹೇಳ್ಬೇಡ.”

ಅಂದರೆ ತಾನು ಊರೆಲ್ಲ ಸಾರಿದ್ದನ್ನು ತಾನೇ ನಂಬಿರಲಿಲ್ಲ! ದೊಡ್ಡಮ್ಮನ ಕೈ ಒಳ್ಳೆಯದೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅನ್ನ ಕಿತ್ತುಕೊಂಡಿದ್ದಳು.

“ಕೂತ್ಕೊ ಅಕ್ಕಾ, ಒಳಗಿದೆ, ತರ್ತೀನಿ” ಎಂದಳು ದೊಡ್ಡಮ್ಮ, ಬಲು ಮೆತ್ತಗೆ. ಒಳಗೆ ಹೋಗಿ ಮೊಸರಿನ ಬಟ್ಟಲನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟಳು. ಬೆರಳಿಟ್ಟರೆ ಚುರುಕ್ಕೆನ್ನುವಷ್ಟು ಕಾದ ಮೇಲೂ ಬಹಳ ಹೊತ್ತು ಬಿಟ್ಟು, ತಣ್ಣೀರಿನಲ್ಲಿ ಆರಿಸಿ, ಒಡೆದದ್ದನ್ನು ಕಡೆದು ನಯ ಮಾಡಿ ತಂದುಕೊಟ್ಟಳು. ಚಿಕ್ಕಮುನಿಯಮ್ಮ ಮೂಸಿ ನೋಡಿ, ಸೆರಗಿನಡಿ ಇಟ್ಟುಕೊಂಡು ಹೋದಳು.

ಅದನ್ನೇ ನಂಬಿ ಬೀಗರ ಊಟದ ಹಾಲಿಗೆಲ್ಲ ಹಾಕಿದಳು. ನಿಶ್ಚಿತಾರ್ಥದ ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಊಟದ ಹೊತ್ತಿಗೆ ನಾತ. ಮೊಸರಿನ ಮನೆಯಲ್ಲಿ ಎಲೆಗೆ ಮೊಸರಿಲ್ಲವೇ ಎಂದು ಗಂಡಿನ ಕಡೆಯವರು ಎಲೆ ಮಡಚಿ ಎದ್ದರು. ಅವರ ಗಾಡಿ ಹೋಗುತ್ತಲೇ ಚಿಕ್ಕಮುನಿಯಮ್ಮ ಕೆಂಡವಾಗಿ ಓಡಿಬಂದು ದೊಡ್ಡಮ್ಮನ ಬಾಗಿಲಲ್ಲಿ ಕಿರುಚಿದಳು.

“ಏನ್ ಹಾಕ್ಕೊಟ್ಟೆಯೇ ಆ ಹೆಪ್ಪಿಗೆ?”

ಬೀದಿಯ ಹೆಂಗಸರೆಲ್ಲ ಹೊರಗೆ ಬಂದರು. ದೊಡ್ಡಮ್ಮ ಹೊಸ್ತಿಲ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದಳು: “ನನ್ ಹತ್ರ ಹೆಪ್ಪು ಇಸ್ಕೊಂಡು ಹೋಗಿದ್ದಾ ಅಕ್ಕಾ? ಈ ಮುಂಡೆ ಕೈಯಿಂದ? ಮಗಳ ಶುಭಕಾರ್ಯಕ್ಕೆ?”

ಅಂಜಿನಮ್ಮ ಮುಂದೆ ಬಂದು, “ಹಂಗಾದ್ರೆ ನಮ್ಗೆ ಯಾಕಮ್ಮ ತಗೋಬೇಡಿ ಅಂದೆ?” ಎಂದಳು. ಚಿಕ್ಕಮುನಿಯಮ್ಮ ತಲೆ ತಗ್ಗಿಸಿ ಮನೆಯತ್ತ ನಡೆದಳು.

ಆ ರಾತ್ರಿ ಅವಳಿಗೆ ಊಟ ಬಡಿಸುತ್ತಿದ್ದ ಅವಳ ತಂಗಿ, ಅಂದರೆ ನಮ್ಮ ಅಮ್ಮ, “ಪಾಪ, ಹುಡುಗಿ ಬಿಕ್ಕಿ ಬಿಕ್ಕಿ ಅಳ್ತಿದ್ಲಂತೆ ಅಕ್ಕಾ” ಎಂದಳು.

“ಅಳ್ಲಿ” ಎಂದು ದೊಡ್ಡಮ್ಮ ಇನ್ನೊಂದು ಸೌಟು ಮೊಸರು ಹಾಕಿಸಿಕೊಂಡಳು.