ವೈನಿಯ ಮೋಟರ್

ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಅವರ ಎಡಗೆನ್ನೆಯ ಮೇಲೆ ಗ್ರೀಸಿನ ಕಪ್ಪು ಕಲೆ ಮೂಡಿರುತ್ತಿತ್ತು. ನಮ್ಮ ವಿಜ್ಞಾನ ಮಾಸ್ತರರು ಯಾವ ಯಂತ್ರದ ಬಿಸಿಯನ್ನೂ ಕೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಬಾಗಿ ಕೆನ್ನೆ ಹಚ್ಚುತ್ತಿದ್ದರು. ಹುಡುಗರು ನಕ್ಕರೆ, "ನಗ್ರಿ, ನಗ್ರಿ. ಚಾಕ್‌ಪೀಸ್ ಹಿಡಿದು ಹಿಡಿದು ಅಂಗೈ ಮರಗಟ್ಟ್ಯಾದ. ಗಲ್ಲಕ್ಕ ಇನ್ನೂ ಖಬರ್ ಅದ" ಎನ್ನುತ್ತಿದ್ದರು.

ಯಡ್ರಾಮಿ ಕಡೆಯ ಆ ಹೈಸ್ಕೂಲಿನಲ್ಲಿ ನಾನು ಪ್ರಯೋಗಾಲಯದ ಅಟೆಂಡರ್. ಅವರು ಒಂದು ದಿನವೂ ನನ್ನನ್ನು ಜವಾನನಂತೆ ಕಾಣಲಿಲ್ಲ. ತಮ್ಮಾ ಎಂದೇ ಕರೆದರು. ಅವರ ಹೆಂಡತಿ ನನಗೆ ಅತ್ತಿಗೆಯ ಹಾಗೆ, ವೈನಿ ಎನ್ನುತ್ತಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಅಫಜಲಪುರದಲ್ಲಿ ಹೈಸ್ಕೂಲುಗಳಿಗೆ ಒಂದು ಸ್ಪರ್ಧೆ ಇಟ್ಟಿದ್ದರು. ನಮ್ಮ ಸೀಮೆಯ ಎತ್ತುಗಳು ಕಲ್ಲು ಎಳೆಯುವ ಹಾಗೆ, ಮಕ್ಕಳು ಕಟ್ಟಿದ ಯಂತ್ರಗಳು ಕಬ್ಬಿಣದ ತೂಕ ಎಳೆಯಬೇಕು. ಮಾಸ್ತರರು ಹುಡುಗಿಯರನ್ನು ಸೇರಿಸಿಕೊಂಡು, ಸೈಕಲ್ ಚೈನು, ಹಲ್ಲುಚಕ್ರ, ಹಲಗೆ ಜೋಡಿಸಿ ಒಂದು ಯಂತ್ರ ನಿಲ್ಲಿಸಿದರು. ಹುಡುಗಿಯರು ಅದಕ್ಕೆ ಎತ್ತಿಗೆ ಇಡುವ ಹಾಗೆ ಬಸ್ಯಾ ಎಂದು ಹೆಸರಿಟ್ಟರು. ಮೋಟರ್ ಮಾತ್ರ ಎಲ್ಲೂ ಸಿಗದೆ, ಕೊನೆಗೆ ವೈನಿಯ ಹೊಲಿಗೆ ಯಂತ್ರದ್ದನ್ನೇ ಬಿಚ್ಚಿದರು.

ವೈನಿಗೆ ಮೊಣಕಾಲು ನೋವು. ಪೆಡಲ್ ತುಳಿಯಲಾಗದೆ ಹಾಕಿಸಿಕೊಂಡ ಮೋಟರ್ ಅದು. ಲಗ್ನದ ಕುಬಸಗಳು ಮುಂದೆ ಗುಡ್ಡೆ ಬಿದ್ದಿದ್ದವು. "ನಾಳಿ ಸಂಜಿಗಿ ನನ್ನ ಮೋಟರ್ ಬರಬೇಕ್ರಿ. ಬರಲಿಲ್ಲಾಂದ್ರ ನಿಮ್ಮ ಬಸ್ಯಾನ ಜೋಡಿ ನೀವೂ ದನದ ಕೊಟ್ಟಿಗ್ಯಾಗ ಮಲಗ್ರಿ" ಎಂದರು.

ಮರುದಿನ ಸ್ಪರ್ಧೆಯ ಮೊದಲೆರಡು ಸುತ್ತು ಬಸ್ಯಾ ಎಲ್ಲರನ್ನೂ ಹಿಂದೆ ಹಾಕಿತು. ಆದರೆ ಮೋಟರ್ ಕಾದು ವಾಸನೆ ಬರತೊಡಗಿತು. ಮಾಸ್ತರರು ತೂಕ ಬಿಚ್ಚಿ ಅದನ್ನು ಮೆಲ್ಲಗೆ ಖಾಲಿ ತಿರುಗಿಸಿದರು. ಹುಡುಗಿಯರು ರಟ್ಟಿನಿಂದ ಗಾಳಿ ಹಾಕಿದರು. "ಕಡೀ ಸುತ್ತಿಗಿ ಅರ್ಧ ತಾಸು ಕೇಳಿ ಬರ್ತೇನಿ ತಮ್ಮಾ. ಗಾಳಿ ಹಾಕಾಕತ್ತಿರ್ರಿ. ನೀರು ಗೀರು ಮುಟ್ಟಿಸಬ್ಯಾಡ" ಎಂದು ಹೇಳಿ ಹೋದರು.

ಎದುರು ತಂಡದ ಜೊತೆ ಬಂದವನೊಬ್ಬ ನನ್ನ ಹತ್ತಿರ ಬಂದು, "ಏನಪಾ, ನಿಮ್ಮ ಎತ್ತಿಗಿ ಜ್ವರ ಬಂದಾವೇನು? ದನದ ಡಾಕ್ಟರ್‌ನ ಕರೀಲೇನು?" ಎಂದ. ನನಗೆ ಮೈ ಉರಿಯಿತು. ಹೊರಗಿನ ಶರಬತ್ತಿನ ಗಾಡಿಯಿಂದ ಐಸು ತಂದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೋಟರಿಗೆ ಒತ್ತಿ ಹಿಡಿದೆ.

"ಸರ್ ಬ್ಯಾಡ ಅಂದಾರ್ರಿ ಅಣ್ಣಾ" ಎಂದಳು ಒಬ್ಬ ಹುಡುಗಿ.

"ನೀ ಸುಮ್ಮ ಕೂಡು" ಎಂದೆ.

ಚೀಲವನ್ನು ಬೆಂಚಿನ ಕೆಳಗೆ ತಳ್ಳಿ, ಮೋಟರನ್ನು ಟವೆಲಿನಿಂದ ಒರೆಸಿದೆ. ಮಾಸ್ತರರು ಓಡುತ್ತ ಬಂದರು. "ಅರ್ಧ ತಾಸು ಕೊಟ್ಟಾರ!"

"ಬೇಕಾಗಿಲ್ರಿ ಸರ್. ತಣ್ಣಗಾಗ್ಯಾದ. ಈಗೇ ಬಿಡೋಣ."

ಅವರು ಕೆನ್ನೆ ಹಚ್ಚಿದರು. "ಅರೆ, ಖರೇನೇ! ಭಾಳ ಗಾಳಿ ಹಾಕೀರಿ ಬಿಡು" ಎಂದು ನನ್ನ ಬೆನ್ನು ತಟ್ಟಿದರು.

ಮೇಲಿನ ಕಬ್ಬಿಣವಷ್ಟೇ ತಣ್ಣಗಾಗಿತ್ತು. ಒಳಗಿನ ತಂತಿ ಹಾಗೆಯೇ ಕುದಿಯುತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಪಾಠ ಹೇಳುವಾಗ ಬಾಗಿಲಲ್ಲಿ ನಿಂತು ಎಷ್ಟೋ ಸಲ ಕೇಳಿದ್ದೆ. ಗೆಲ್ಲುವ ಆತುರ ನನ್ನ ಬಾಯಿ ಕಟ್ಟಿತ್ತು.

ಅರ್ಧ ದಾರಿಯಲ್ಲಿ ಮೋಟರಿನಿಂದ ಹೊಗೆ ಎದ್ದಿತು, ಬಸ್ಯಾ ನಿಂತುಬಿಟ್ಟಿತು. ಹುಡುಗಿಯರು ಅತ್ತರು. ಸಾಮಾನು ಕಟ್ಟುವಾಗ ಮಾಸ್ತರರಿಗೆ ಬೆಂಚಿನ ಕೆಳಗೆ ಆ ಚೀಲ ಸಿಕ್ಕಿತು. ನೀರು ಚೆಲ್ಲಿದರು, ಚೀಲವನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಏಳ್ರಿ, ಬಸ್ ಹೋಗ್ತದ" ಎಂದರು, ಅಷ್ಟೇ. ಮನೆಯಲ್ಲಿ ವೈನಿಗೆ, "ನಾನೇ ಜಾಸ್ತಿ ದುಡಿಸಿದೆ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮೋಟರಿಗೆ ಹೊಸ ತಂತಿ ಸುತ್ತಿಸಿ ತರುವವರೆಗೆ ಪ್ರತಿ ಸಂಜೆ ಮಾಸ್ತರರು ಹೆಂಡತಿಯ ಪಕ್ಕದಲ್ಲಿ ಕುಳಿತು ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ತಿರುಗಿಸಿದರು. ವೈನಿ ಬಟ್ಟೆ ಸರಿಸುತ್ತಿದ್ದರು. ತಪ್ಪೊಪ್ಪಿಕೊಳ್ಳಲೆಂದು ಹೋದ ನಾನು ಬಾಗಿಲಿನಿಂದಲೇ ಅದನ್ನು ನೋಡಿ ಹಿಂದಿರುಗಿದೆ.

ಮಾಸ್ತರರು ತೀರಿಕೊಂಡ ಮೇಲೆ ವೈನಿಯ ಮುಂದೆ ಎಲ್ಲ ಹೇಳಿದೆ. ಅವರು "ಹುಚ್ಚಪ್ಪಾ" ಎಂದರು. "ಲಗ್ನಾದಾಗಿಂದ ಸಾಲಿ, ಸಾಲಿ ಅಂತ ಓಡ್ಯಾಡಿದ ಮನುಷ್ಯಾ. ಆವಾಗಷ್ಟೇ ನನ್ನ ಬಾಜೂಕ ಕುಂತು ಮಾತಾಡಿದ್ರು. ಮೋಟರ್ ರಿಪೇರಿ ಆಗಿ ಬಂದಾಗ ನನಗ ಜರಾ ಬ್ಯಾಸರಾನೇ ಆಯ್ತು ನೋಡು."

ವೈನಿ ನನ್ನನ್ನು ಕ್ಷಮಿಸಿದರು. ಆದರೆ ಮಾಸ್ತರರ ಮುಂದೆ ನಾನು ಬಾಯಿ ಬಿಡಲೇ ಇಲ್ಲ. ಆ ಸ್ಪರ್ಧೆಯ ನಂತರವೂ ಎಷ್ಟೋ ವರ್ಷ ಅವರೂ ನಾನೂ ಒಂದೇ ಬೆಂಚಿನ ಮೇಲೆ ಕುಳಿತು ಊಟ ಮಾಡಿದೆವು. ಕೆಲವೊಮ್ಮೆ ಅವರು ತುತ್ತು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ಕಾಯುತ್ತಿದ್ದರೋ ಏನೋ.