ಹೆದ್ದಾರಿ ಬದಿಯ ಇಶಾಡು ಬುಟ್ಟಿ

ಅಂದು ಬೆಳಿಗ್ಗೆ ದೋಸೆ ಕಾವಲಿ ಇಳಿಸಿ, ಎಂದಿನಂತೆ ತುಳಸಿಗೆ ನೀರು ಹಾಕುತ್ತಿದ್ದೆ. ಅಂಕೋಲೆಯ ನಮ್ಮ ಮನೆಯ ಎದುರೇ ಹೆದ್ದಾರಿ. ಅದರ ಬದಿಯಲ್ಲಿ ಶೆಟಗೇರಿಯಿಂದ ಇಶಾಡು ಮಾವಿನಹಣ್ಣು ತರುವ ಅಜ್ಜಿ, ಹೆದ್ದಾರಿ ನೋಡಿಕೊಳ್ಳುವ ನೌಕರನೊಬ್ಬನ ಜೊತೆ ವಾದಕ್ಕೆ ನಿಂತಿದ್ದಳು.

"ಪುರಸಭೆಯವ್ರೇ ಸುಂಕ ತಕಂಡು ಚೀಟಿ ಕೊಟ್ಟಿದ್ರು, ಇಲ್ಲೇ ಕೂತ್ಕ ಹೇಳಿ," ಎಂದು ಸೆರಗಿನ ಗಂಟು ಬಿಚ್ಚಿ ತೋರಿಸಿದಳು.

"ಅಜ್ಜಿ, ಆ ಚೀಟಿ ರಾಜ್ಯದ ಕಾನೂನಿಂದು. ಈ ರಸ್ತೆ ಕೇಂದ್ರದ್ದು. ಇಲ್ಲಿ ಅದು ನಡೆಯುದಿಲ್ಲ."

"ಹಣ್ಣಿಗೆ ಅದೆಲ್ಲ ಗೊತ್ತಿತ್ತಾ? ನಾಳಿಗೆ ಕೊಳೀತದೆ ಇದು!"

ಅವಳು ನನ್ನ ಕಡೆ ತಿರುಗಿದಳು. "ಅಮ್ಮಾ, ನೀವು ಕಲ್ತವ್ರು. ಯಾರ್ದು ಸರಿ, ಹೇಳಿ."

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪೌರನೀತಿ ನೆನಪಾಯಿತು. ಎರಡು ಕಾನೂನು ಎದುರುಬದುರಾದರೆ ಸಾಮಾನ್ಯವಾಗಿ ಕೇಂದ್ರದ್ದೇ ಮೇಲು. ಪರೀಕ್ಷೆಯಲ್ಲಿ ಪೂರ್ತಿ ಅಂಕ ತಂದುಕೊಟ್ಟ ಆ ಉತ್ತರವನ್ನು ಅವಳ ಮುಖ ನೋಡಿ ಹೇಳಲು ನನಗೆ ಬಾಯಿ ಬರಲಿಲ್ಲ. ಗೇಟು ತೆರೆದು, "ಒಳಗೆ ಬಂದು ಕೂರಿ," ಎಂದೆ.

ಅವಳು ಮೆಟ್ಟಿಲ ಮೇಲೆ ಬಾಳೆಎಲೆ ಹಾಸಿ, ತೊಟ್ಟು ಕೆಳಗಾಗಿ ಹಣ್ಣು ಜೋಡಿಸಿದಳು. ಮೊದಲ ಡಜನ್ ಕೊಂಡವನು ಆ ನೌಕರನೇ! ಅವಳು ಅವನಿಗೆ ಒಂದು ಹಣ್ಣು ಹೆಚ್ಚಿಗೇ ಹಾಕಿದಳು. ಸಂಜೆಯ ಹೊತ್ತಿಗೆ ಬುಟ್ಟಿ ಖಾಲಿ.

ಪಕ್ಕದ ಮನೆಯಾಕೆ ಬೇಲಿಯಾಚೆ ಒಣಗಿದ ಬಟ್ಟೆ ತೆಗೆಯುತ್ತ ಹೇಳಿದಳು: "ನಾಳೆ ನಂಗೂ ಒಂದು ಡಜನ್ ಇಡ್ಸಿ ಅಕ್ಕಾ. ನಿಮ್ಮ ಅಂಗಳ ಯಾವ ಸರ್ಕಾರದ್ದು ಹೇಳಿ ಇನ್ನೂ ಯಾರೂ ಕೇಳ್ಲಿಲ್ಲ ಅಲ್ಲಾ?"