ಅಯ್ಯನವರು ಭೇಟಿಗೆ ಬಾರದ ಮನೆ

ಅಪ್ಪ ವೇಲಚೇರಿಯ ನಮ್ಮ ಫ್ಲ್ಯಾಟಿಗೆ ಬಂದ ಮೇಲೆ ನನಗೊಂದು ಕೆಟ್ಟ ಚಟ ಹತ್ತಿದೆ. ಬೆಳಿಗ್ಗೆ ಅವರು ಪ್ರಾರ್ಥನೆಗೆ ಕೂತಾಗ ನಾನು ಮಿಕ್ಸರ್ ಹಾಕುವುದಿಲ್ಲ, ನಲ್ಲಿ ಬಿಡುವುದಿಲ್ಲ. ಈರುಳ್ಳಿ ಹೆಚ್ಚುವ ನೆಪದಲ್ಲಿ ಅಡುಗೆಮನೆಯ ಬಾಗಿಲ ಹತ್ತಿರ ನಿಂತು, ಅವರು ಯಾರ ಯಾರ ಹೆಸರು ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳುತ್ತೇನೆ. ಭಕ್ತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದ.

ಅಪ್ಪ ಗದಗದ ಕಡೆಯ ಹಳ್ಳಿಗಳಲ್ಲಿ ಪ್ರಾಟೆಸ್ಟಂಟ್ ಸಭೆಯ ಪಾಸ್ಟರ್ ಆಗಿದ್ದವರು. ಊರವರ ಬಾಯಲ್ಲಿ ಅಯ್ಯನವರು. ನಾವಿದ್ದ ಊರಿನ ಚರ್ಚಲ್ಲದೆ ಸುತ್ತಲಿನ ಹಳ್ಳಿಗಳ ಚರ್ಚುಗಳೂ ಅವರ ಪಾಲಿಗೇ ಬಂದಿದ್ದವು. ಕ್ರಿಸ್‌ಮಸ್ ದಿನ ಎಲ್ಲ ಊರಿನ ಆರಾಧನೆ ಮುಗಿಸಿ ಸೈಕಲ್ ತುಳಿದುಕೊಂಡು ಅವರು ಮನೆ ಸೇರುವ ಹೊತ್ತಿಗೆ ನಮ್ಮ ಹಬ್ಬದ ಊಟ ಆರಿ ತಣ್ಣಗಾಗಿರುತ್ತಿತ್ತು. ಉಳಿದ ದಿನ ಮನೆಮನೆಯ ಭೇಟಿ. ಅದಕ್ಕೊಂದು ಕ್ರಮವಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಕೊಟ್ಟ ನೀರನ್ನು ಪೂರ್ತಿ ಕುಡಿಯಬೇಕು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ವಿಚಾರಿಸಬೇಕು, ಬೈಬಲಿನ ಒಂದು ಕೀರ್ತನೆ ಓದಿ, ಮುದುಕರಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಒಬ್ಬೊಬ್ಬರ ಹೆಸರೆತ್ತಿ ಪ್ರಾರ್ಥಿಸಬೇಕು. ಒಂದು ಹೆಸರು ತಪ್ಪಿದರೂ ಮುಗಿಯಿತು. ‘ಅಯ್ಯನವರು ನಮ್ಮ ಸೊಸೀ ಹೆಸರು ಬಿಟ್ರು’ ಎಂದು ಆ ಮನೆಯವರು ಮುಂದಿನ ಭಾನುವಾರ ಮುಖ ಊದಿಸಿಕೊಂಡು ಕೂರುತ್ತಿದ್ದರು. ಅದಕ್ಕೇ ಅಪ್ಪ ಓಣಿಯ ಪ್ರಕಾರ, ಮನೆಗಳ ಸಾಲಿನ ಪ್ರಕಾರ ಎಲ್ಲರ ಹೆಸರನ್ನೂ ಬಾಯಿಪಾಠ ಮಾಡಿಟ್ಟುಕೊಂಡಿದ್ದರು.

ಒಮ್ಮೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ನಾನೂ ಭೇಟಿಗೆ ಹೋಗಿದ್ದೆ. ಆ ಮನೆಯಲ್ಲಿ ನನ್ನ ಓರಗೆಯ ಹುಡುಗಿಯೊಬ್ಬಳಿದ್ದಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ಹೆಸರು ಹಿಡಿದು, ಅವಳ ಓದಿಗೆ, ಅವಳ ಕಿವಿನೋವಿಗೆ, ಅವಳ ಮುಂದಿನ ಬಾಳಿಗೆ ಪ್ರಾರ್ಥಿಸಿದರು. ನಾನು ಕಣ್ಣು ಮುಚ್ಚಲೇ ಇಲ್ಲ. ಆ ಹುಡುಗಿಗೆ ಈಗ ಮೊಮ್ಮಕ್ಕಳಿರಬಹುದು, ಆದರೂ ಅವಳನ್ನು ನೆನೆದರೆ ನನ್ನ ಮೈ ಉರಿಯುತ್ತದೆ. ಇನ್ನೊಮ್ಮೆ ನಾನು ಜ್ವರ ಬಂದು ಮಲಗಿದ್ದಾಗ, ಎಮ್ಮೆ ಹಾಲು ಕೊಡುತ್ತಿಲ್ಲವೆಂದು ಆಚೆಯೂರಿನವರು ಅಪ್ಪನನ್ನು ಕರೆಯಲು ಬಂದರು. ಅಪ್ಪ ಸೈಕಲ್ ತೆಗೆದು ಹೊರಟೇಬಿಟ್ಟರು. ಎಮ್ಮೆ ಸಂಜೆಗೇ ಹಾಲು ಕೊಟ್ಟಿತಂತೆ. ನನ್ನ ಜ್ವರ ಇಳಿಯಲು ವಾರ ಹಿಡಿಯಿತು. ‘ಮನಿಗೆ ಮಾರಿ, ಊರಿಗೆ ಉಪಕಾರಿ’ ಎಂದು ಅವ್ವ ಗೊಣಗುತ್ತ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದಳು.

ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಇಲ್ಲಿಗೆ ಕರೆತಂದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಿತ್ತು. ಇಲ್ಲಿ ಸಭೆಯಿಲ್ಲ, ಸೈಕಲ್ಲಿಲ್ಲ, ಎಮ್ಮೆಯಂತೂ ಇಲ್ಲವೇ ಇಲ್ಲ. ಇನ್ನಾದರೂ ಅಪ್ಪ ನನ್ನ ಅಪ್ಪನಾಗಿರುತ್ತಾರೆ ಎಂದುಕೊಂಡೆ.

ಎಲ್ಲಿ? ಕಣ್ಣು ಮುಚ್ಚಿದರೆ ಸಾಕು, ಆ ಊರಿನ ಮೊದಲ ಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ಒಂದು ಓಣಿ ಮುಗಿಸಿ ಇನ್ನೊಂದು ಓಣಿಗೆ ತಿರುಗುತ್ತಾರೆ. ಹೊರಗೆ ಮೇಲುಸೇತುವೆಯ ಮೇಲೆ ರೈಲು ಹೋದರೂ ಅವರಿಗೆ ಕೇಳಿಸುವುದಿಲ್ಲ. ಈಚೆಗೆ ನಮ್ಮ ಅಪಾರ್ಟ್‌ಮೆಂಟೂ ಅವರ ಸಭೆಗೆ ಸೇರಿದೆ. ಗೇಟಿನ ವಾಚ್‌ಮನ್, ನೀರಿನ ಕ್ಯಾನ್ ಹಾಕುವವನು, ಎಲ್ಲಕ್ಕಿಂತ ಹೆಚ್ಚಾಗಿ ಎದುರು ಫ್ಲ್ಯಾಟಿನ ಅಯ್ಯಂಗಾರ್ ಮಾಮಿ. ಮಾಮಿಗೆ ಕನ್ನಡ ಬಾರದು, ಅಪ್ಪನಿಗೆ ತಮಿಳು ಬಾರದು. ಆದರೂ ಮಾಮಿಯ ಮಂಡಿನೋವು ಎಡಗಾಲಿನಲ್ಲೋ ಬಲಗಾಲಿನಲ್ಲೋ ಎಂಬುದು ಅಪ್ಪನಿಗೆ ಗೊತ್ತು. ಅವರ ಮನೆಗೇ ಹೋಗಿ ಮಾಡುವ ಪ್ರಾರ್ಥನೆಯ ಕೊನೆಗೆ ಅಪ್ಪ ‘ಆಮೆನ್’ ಎಂದರೆ ಮಾಮಿ ತಮ್ಮ ದೇವರನ್ನು ನೆನೆದು ‘ಪೆರುಮಾಳೇ’ ಎನ್ನುತ್ತಾರೆ. ಆಮೇಲೆ ಫಿಲ್ಟರ್ ಕಾಫಿ.

ವಾಚ್‌ಮನ್ನಿನ ಹೆಸರು ಬಂತು, ಮಾಮಿ ಬಂದರು. ನನ್ನ ಹೆಸರು ಮಾತ್ರ ಬರಲಿಲ್ಲ. ಒಂದು ದಿನ ತಡೆಯಲಾರದೆ ಕೈಯಲ್ಲಿ ಚಾಕು ಹಿಡಿದುಕೊಂಡೇ ಹೋಗಿ ಕೇಳಿಬಿಟ್ಟೆ.

‘ಅಪ್ಪಾ, ಎಲ್ಲಾರ ಮನೀಗೂ ಹೋಗ್ತೀರಿ. ನಮ್ಮ ಮನಿ ಯಾಕ ಬರೂದಿಲ್ರಿ?’

ಅಪ್ಪ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ‘ಅಯ್ಯನವರ ಮನೀಗೆ ಅಯ್ಯನವರು ಭೆಟ್ಟಿಗೆ ಹೋಗ್ತಾರೇನವ್ವಾ? ಅದು ನಿಮ್ಮವ್ವನ ಪಾಲಿಂದು. ಊರು ನಾ ನೋಡ್ತೀನಿ, ಮನಿ ನೀ ನೋಡು ಅಂತ ಮದುವ್ಯಾದಾಗನ ಮಾತಾಗಿತ್ತು. ದಿನಾ ನಿನ್ನ ಹೆಸರು ಆಕಿ ಹೇಳ್ತಿದ್ಲಲ್ಲ.’

ಅವ್ವ ರೊಟ್ಟಿ ಬಡಿಯುತ್ತ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದದ್ದು ನೆನಪಾಯಿತು. ನಾನು ಅದನ್ನು ಗೊಣಗಾಟ ಎಂದೇ ತಿಳಿದಿದ್ದೆ.

‘ಅವ್ವ ಈಗ ಇಲ್ಲಲ್ರಿ’ ಎಂದೆ.

ಅಪ್ಪ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ನಾನು ಒಲೆಯ ಕಡೆ ಹೋದೆ. ಅವ್ವ ಹೋದಂದಿನಿಂದ ಈ ಭೂಮಿಯ ಮೇಲೆ ನನ್ನ ಹೆಸರು ಹೇಳಿ ಪ್ರಾರ್ಥಿಸುವವರು ಒಬ್ಬರೂ ಇಲ್ಲ ಎಂಬ ಯೋಚನೆ ಅಡುಗೆ ಮುಗಿದರೂ ಹೋಗಲಿಲ್ಲ. ತಾಂಬರಂ ಬಸ್ಸಿನಲ್ಲಿ ನಾನು ಪಾಠ ಹೇಳುವ ಶಾಲೆಗೆ ಹೋಗುವಾಗ ಕಿಟಕಿಗೆ ಮುಖ ಮಾಡಿ ಅತ್ತೆ.

ಆ ಶನಿವಾರ ಸಂಜೆ ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆರೆದರೆ ಅಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಬೈಬಲ್, ಕೈಯಲ್ಲಿ ಕೊಡೆ. ಯಾವಾಗ ಹೊರಗೆ ಹೋದರೋ ತಿಳಿಯದು. ಹೊಸಬರ ಹಾಗೆ ಹೊಸ್ತಿಲಾಚೆ ನಿಂತಿದ್ದರು.

‘ಮನ್ಯಾಗ ಯಾರರ ಅದೀರೇನ್ರಿ?’

ಹಳ್ಳಿಯ ಹೆಂಗಸರು ಹೇಳುತ್ತಿದ್ದದ್ದೇ ಬಾಯಿಗೆ ಬಂತು. ‘ಬರ್ರಿ ಅಯ್ಯನವರ, ಒಳಗ ಬರ್ರಿ.’

ಚಪ್ಪಲಿ ಹೊರಗೆ ಬಿಟ್ಟು ಬಂದು, ದಿನಾ ಕೂರುವ ಕುರ್ಚಿಯನ್ನು ಬಿಟ್ಟು ಅತಿಥಿಗಳ ಸೋಫಾದ ತುದಿಯಲ್ಲಿ ಕೂತರು. ಕೊಟ್ಟ ನೀರನ್ನು ಪೂರ್ತಿ ಕುಡಿದರು. ‘ಯಾರ್ಯಾರ ಅದೀರವಾ ಮನ್ಯಾಗ?’ ಎಂದು ಕೇಳಿದರು. ಹೆತ್ತ ಅಪ್ಪನಿಗೆ ನಾನು ನನ್ನ ಹೆಸರು ಹೇಳಿದೆ. ಕೆಲಸದಿಂದ ಇನ್ನೂ ಬಾರದ ಗಂಡನ ಹೆಸರನ್ನೂ ಹೇಳಿದೆ.

ಕೀರ್ತನೆ ಓದಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಇಷ್ಟು ಹಗುರವಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಬಿ.ಪಿ., ಬಸ್ಸಿನಲ್ಲಿ ನಿಂತೇ ಬರುವ ನನ್ನ ಕಾಲು, ನಿದ್ದೆಯಿಲ್ಲದ ನನ್ನ ರಾತ್ರಿ, ನಾನು ಯಾರಿಗೂ ಹೇಳದ್ದನ್ನೆಲ್ಲ ದೇವರಿಗೆ ಒಪ್ಪಿಸಿದರು. ಎಲ್ಲ ನೋಡಿಕೊಂಡೇ ಇದ್ದರು.

ಆಮೆನ್ ಆಯಿತು. ಅಪ್ಪ ಬೈಬಲ್ ಎತ್ತಿಕೊಂಡು ಎದ್ದರು.

‘ಚಾ ಕುಡದು ಹೋಗ್ರಿ’ ಎಂದೆ.

‘ಬ್ಯಾಡವಾ, ಇನ್ನೂ ಮನಿ ಅದಾವು.’

ಚಪ್ಪಲಿ ಮೆಟ್ಟಿ, ನಾಲ್ಕು ಹೆಜ್ಜೆ ನಡೆದು, ಮಾಮಿಯ ಬೆಲ್ ಒತ್ತಿದರು. ಬಾಗಿಲು ತೆರೆಯಿತು, ಅಪ್ಪ ಒಳಗೆ ಹೋದರು. ನಾನು ನಮ್ಮ ಬಾಗಿಲನ್ನು ಅರ್ಧ ಮುಚ್ಚಿ, ಕಣ್ಣೊರೆಸಿಕೊಳ್ಳುತ್ತ, ಆ ಮನೆಯ ಪ್ರಾರ್ಥನೆಗೆ ಕಿವಿಗೊಟ್ಟು ನಿಂತೆ. ಅದು ನಮ್ಮ ಮನೆಯದಕ್ಕಿಂತ ಉದ್ದವಿತ್ತು.